ಮುಚ್ಚಳ ತೆಗೆಯುವ ಮಾವ

ಈ ಭಾನುವಾರ ಹಾಳಾದ ಫೋಟೋದ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಕ್ಯಾಮೆರಾ ಎಂದರೆ ಕಾಫಿಪುಡಿಯ ಖಾಲಿ ಡಬ್ಬಿ. ಒಳಗೆಲ್ಲ ಕಪ್ಪು ಬಣ್ಣ, ಒಂದು ಬದಿಗೆ ಸೂಜಿಮೊನೆಯ ತೂತು, ಅದರೆದುರು ಫೋಟೋ ಪೇಪರ್. ಲೆನ್ಸೂ ಇಲ್ಲ, ಬ್ಯಾಟರಿಯೂ ಇಲ್ಲ. ಮುಚ್ಚಳ ತೆರೆದು ಬೆಳಕು ನುಗ್ಗಿದರೆ ಪೇಪರ್ ಹಾಳು. ಚಿತ್ರ ಮೂಡಲು ಒಳ್ಳೆ ಬಿಸಿಲಿದ್ದರೆ ಒಂದೆರಡು ನಿಮಿಷ ಸಾಕು. ಮಂಜು ಕವಿದರೆ ಅರ್ಧ ಗಂಟೆಯೂ ಬೇಕು. ಮಡಿಕೇರಿ ಕಡೆ ಮಂಜು ಹೇಳಿ ಕೇಳಿ ಬರುತ್ತದೆಯೇ?

ಗದ್ದೆಯಾಚೆ ಸಿಲ್ವರ್ ಓಕ್ ಸಾಲು, ಅದರ ಹಿಂದೆ ಬೆಟ್ಟ. ಡಬ್ಬಿಯನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು, ಅಲುಗದಿರಲಿ ಎಂದು ಕಲ್ಲು ಹೇರಿ, ತೂತಿನ ಟೇಪು ಕಿತ್ತು, ಒಳಗೆ ಅಕ್ಕಿ ರೊಟ್ಟಿ ತಿನ್ನುತ್ತಿದ್ದೆ. ಆಗ ಬಂದರು ಪಕ್ಕದ ತೋಟದ ಮಾವ.

ಮಾವ ಒಳ್ಳೆಯವರೇ. ಆದರೆ ಮುಚ್ಚಳ ಕಂಡರೆ ಅವರ ಕೈ ಅವರ ಮಾತನ್ನೇ ಕೇಳುವುದಿಲ್ಲ. ಮದುವೆಗೆ ಹೋದರೆ ಗಂಡು ಹೆಣ್ಣನ್ನು ಆಮೇಲೆ ನೋಡುತ್ತಾರೆ, ಮೊದಲು ಪಂದಿ ಕರಿಯ ಪಾತ್ರೆ. ಹಬೆಯಲ್ಲಿ ಬೇಯುತ್ತಿದ್ದ ನಮ್ಮ ಕಡಂಬುಟ್ಟು ಅವರ ದಯೆಯಿಂದ ಎಷ್ಟು ಸಲ ಹಸಿಯಾಗಿಯೇ ಉಳಿದಿದೆಯೋ. ನನ್ನ ಸ್ಕೂಟರಿನ ಟ್ಯಾಂಕ್ ತೆರೆದು ಇಣುಕಿ, "ಅರ್ಧ ಉಂಟು" ಎಂದು ವರದಿ ಕೊಟ್ಟವರೂ ಇವರೇ. ಯಾರು ಕೇಳಿದ್ದರು?

ಹೊರಗೆ ಬರುವಷ್ಟರಲ್ಲಿ ಕಲ್ಲು ಪಕ್ಕಕ್ಕಿತ್ತು, ಮುಚ್ಚಳ ಕಂಕುಳಲ್ಲಿತ್ತು. ಡಬ್ಬಿಯೊಳಗೆ ಮೂಗಿಟ್ಟು ಮೂಸಿ, "ಪುಡಿಯೇ ಇಲ್ಲವಲ್ಲ ಮಾರಾಯ, ಎಂಥದೋ ಕಾಗದ ಉಂಟು" ಎಂದರು. ಕಾಗದವನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಏನೂ ಬರೆದಿಲ್ಲ" ಎಂದರು.

ಬರೀತಿತ್ತು ಮಾವ, ಬೆಳಕು ಈಗಷ್ಟೇ ಬರೀತಿತ್ತು!

"ಮೊಬೈಲಲ್ಲಿ ಒಂದು ಹೊಡೆದರೆ ಆಗುವುದಕ್ಕೆ ಇದೆಂಥ ಅವಸ್ಥೆ?" ಎಂದರು. ಹೇಳಿದೆ: ಅಷ್ಟು ಹೊತ್ತು ತೂತು ತೆರೆದಿರುವುದರಿಂದ ಇದರಲ್ಲಿ ಓಡಾಡುವವರು ಮೂಡುವುದೇ ಇಲ್ಲ. ವಾರಾಂತ್ಯದ ರಾಜಾಸೀಟಿನಲ್ಲಿಟ್ಟರೂ ಸೆಲ್ಫಿ ಜನವೆಲ್ಲ ಮಾಯವಾಗಿ ಕಣಿವೆಯಷ್ಟೇ ಉಳಿಯುತ್ತದೆ. ರೆಸಾರ್ಟುಗಳು ಮಾತ್ರ ಅಲುಗುವ ಪೈಕಿಯಲ್ಲ, ಚೆನ್ನಾಗಿಯೇ ಮೂಡುತ್ತವೆ. ನಾಟಿ ಮಾಡುವವರೂ ಮೂಡುವುದಿಲ್ಲ. ಆದರೆ ಪಾಳು ಬಿದ್ದ ಗದ್ದೆಗಳಲ್ಲಿ ನಾಟಿಯವರನ್ನು ಅಳಿಸಲು ನನ್ನ ಡಬ್ಬಿಯೇ ಬೇಕೆಂದೇನೂ ಇಲ್ಲ. ಮಾವ ಸ್ವಲ್ಪ ಹೊತ್ತು ಗದ್ದೆಯ ಕಡೆಯೇ ನೋಡಿದರು.

"ಹಾಗಾದರೆ ನನ್ನದೊಂದು ತೆಗಿ."

"ಅಲುಗದೆ ಕೂರಬೇಕು ಮಾವ, ಅರ್ಧ ಗಂಟೆ."

"ಕೂತ್ರಾಯ್ತು."

ಬಚ್ಚಲುಮನೆಯಲ್ಲಿ ಕೆಂಪು ಬಲ್ಬು ಹಾಕಿ ಹೊಸ ಪೇಪರ್ ತುಂಬಿ ತಂದೆ. ಮಾವ ಕುರ್ಚಿಯಲ್ಲಿ ಮೀಸೆ ತಿರುವಿ ಕೂತರು. ನೊಣ ಬಂದರೂ ಅಲುಗಲಿಲ್ಲ, ಕೆಮ್ಮು ನುಂಗಿಕೊಂಡರು. ಕಾಫಿ ತರೋಣವೆಂದು ನಾನು ಒಳಗೆ ಹೋದೆ. ಲೋಟ ಹಿಡಿದು ಬಂದರೆ ಕುರ್ಚಿ ಖಾಲಿ.

"ಬಂತಾ ಅಂತ ನೋಡಿದೆ, ಇನ್ನೂ ಇಲ್ಲ" ಎಂದರು ಮಾವ, ಮುಚ್ಚಳವನ್ನು ಜೋಪಾನವಾಗಿ ಮುಚ್ಚುತ್ತಾ.