ಹತ್ತು ನಿಮಿಷಕ್ಕೊಂದು ಫೋಟೊ, ದುಡ್ಡು ಮುಂದಿನ ಸೈಕಲ್‌ಗೆ

ಮೊನ್ನೆಯಿಂದ ಎಲ್ಲರ ಸ್ಟೇಟಸ್‌ನಲ್ಲೂ ಅದೇ ರೀಲ್. ನೀವೂ ನೋಡಿರುತ್ತೀರಿ. ಹೋಂಸ್ಟೇ ಜಗಲಿ, ಎದುರಿಗೆ ಮಂಜು, ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಹಬೆಯಾಡುವ ಕಾಫಿ. ಕೆಳಗೆ ‘ಆಫೀಸು ಬಿಡಿ, ಕೊಡಗಿಗೆ ಬನ್ನಿ, ನಿಮ್ಮ ಟೈಮಿಗೆ ನೀವೇ ಯಜಮಾನರು’ ಅಂತ ಬರಹ. ನನಗೇ ಅದನ್ನು ಹನ್ನೊಂದು ಜನ ಕಳಿಸಿದ್ದಾರೆ. ‘ಇದು ನಿನ್ನ ಲೈಫೇ ಅಲ್ವಾ?’ ಅಂತ ಒಬ್ಬಳು ಹೃದಯದ ಚಿತ್ರ ಬೇರೆ ಹಾಕಿದ್ದಾಳೆ.

ಹೌದಮ್ಮ, ನನ್ನದೇ. ಕೊಡಗಿನ ಸಿದ್ದಾಪುರದ ಹತ್ತಿರ ಮನೆ. ಬೆಂಗಳೂರಿನ ಕಂಪನಿಗಳಿಗೆ ಅನುವಾದ ಮಾಡುತ್ತೇನೆ, ಜಾಹೀರಾತು ಬರೆಯುತ್ತೇನೆ. ಇದಕ್ಕೆ ಫ್ರೀಲ್ಯಾನ್ಸ್ ಅನ್ನುತ್ತಾರೆ. ನಮ್ಮೂರಲ್ಲಿ ‘ಈಗ ಮನೇಲೇ ಇದ್ದಾನೆ’ ಅನ್ನುತ್ತಾರೆ. ರೀಲ್‌ನಲ್ಲಿ ಕಾಣದೇ ಇರೋದು ಮೇಜಿನ ಕೆಳಗಿನ ಇನ್ವರ್ಟರ್. ಜುಲೈಯಲ್ಲಿ ಒಂದು ಸಿಲ್ವರ್ ಓಕ್ ಮರ ಕರೆಂಟ್ ಲೈನ್ ಮೇಲೆ ಬಿತ್ತು ಅಂದರೆ ಆ ದಿನಕ್ಕೆ ಯಜಮಾನ ನಾನಲ್ಲ, ಬ್ಯಾಟರಿ. ಅದೂ ಕೈಕೊಟ್ಟರೆ ಛತ್ರಿ ಹಿಡಿದುಕೊಂಡು ಬಸ್ ಸ್ಟ್ಯಾಂಡ್ ತಿರುವಿಗೆ ಹೋಗಬೇಕು. ಅಲ್ಲಿ ಎರಡು ಕಡ್ಡಿ ಟವರ್ ಸಿಗುತ್ತದೆ. ಅಲ್ಲಿಂದ ಎಷ್ಟೋ ಮೀಟಿಂಗ್ ಮಾಡಿದ್ದೇನೆ. ಹಿಂದೆ ಮೀನು ಮಾರುವವರ ಕೂಗು ಕೇಳಿ ಕ್ಲೈಂಟ್ ಒಬ್ಬರು ‘ಆಫೀಸಲ್ಲಿ ಏನೋ ಸೆಲೆಬ್ರೇಶನ್ನಾ?’ ಅಂತ ಕೇಳಿದ್ದರು.

ಟೈಮ್ ಮ್ಯಾನೇಜ್‌ಮೆಂಟ್ ಬಗ್ಗೆ ನನಗೆ ಉಪದೇಶ ಮಾಡದವರೇ ಇಲ್ಲ. ಪೊಮೊಡೊರೊ ಮಾಡು ಅಂದರು. ಇಟಲಿಯ ಫ್ರಾಂಚೆಸ್ಕೊ ಸಿರಿಲ್ಲೊ ಅನ್ನುವವರು 1980ರ ದಶಕದ ಕೊನೆಯಲ್ಲಿ, ಓದೋಕೆ ಮನಸ್ಸು ನಿಲ್ಲದೆ, ಅಡುಗೆಮನೆಯ ಟೊಮೇಟೊ ಆಕಾರದ ಟೈಮರ್ ಇಟ್ಟುಕೊಂಡು ಕಂಡುಕೊಂಡ ಉಪಾಯ ಅದು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಚೆನ್ನಾಗಿದೆ. ಮಳೆಗಾಲದಲ್ಲಿ ನಮ್ಮ ಕರೆಂಟೂ ಇದನ್ನೇ ಪಾಲಿಸುತ್ತದೆ, ಸ್ವಲ್ಪ ತಿರುಗಾಮುರುಗಾ ಅಷ್ಟೆ. 5 ನಿಮಿಷ ಕೆಲಸ, 25 ನಿಮಿಷ ಬಿಡುವು.

ಆಮೇಲೆ ಟೂಲ್‌ಗಳು. ಮಾಡಬೇಕಾದ ಕೆಲಸದ ಪಟ್ಟಿಗೆ ಒಂದು, ಕ್ಯಾಲೆಂಡರ್‌ಗೆ ಒಂದು, ಇನ್‌ವಾಯ್ಸ್‌ಗೆ ಒಂದು, ಕ್ಲೈಂಟ್ ಜೊತೆ ಹರಟೋಕೆ ಮೂರು (ಮೂವರು ಕ್ಲೈಂಟ್‌ಗಳು, ಮೂರು ರುಚಿ), ಇಷ್ಟರ ಪಾಸ್‌ವರ್ಡ್ ನೆನಪಿಡೋಕೆ ಇನ್ನೊಂದು. ಎಲ್ಲಾ ಮೊದಲ ತಿಂಗಳು ಫ್ರೀ. ಆಮೇಲೆ ಸದ್ದಿಲ್ಲದೆ ಕಚ್ಚಿಕೊಳ್ಳುತ್ತವೆ. ತೋಟಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಜಿಗಣೆ ಎಷ್ಟೋ ವಾಸಿ. ಹೊಟ್ಟೆ ತುಂಬಿದ ಮೇಲೆ ತಾನಾಗೇ ಉದುರುತ್ತದೆ, ಇಲ್ಲದಿದ್ದರೆ ಒಂದು ಚಿಟಿಕೆ ಉಪ್ಪು ಸಾಕು. ಈ ಆ್ಯಪ್‌ಗಳ ಕ್ಯಾನ್ಸಲ್ ಬಟನ್ ಹುಡುಕೋಕೆ ನಾನು ಕಳೆದ ತಿಂಗಳು ಒಂದು ಇಡೀ ಭಾನುವಾರ ಕೊಟ್ಟಿದ್ದೇನೆ.

ಕೊಡಗಿನಲ್ಲಿ ನಿಜವಾಗಿ ಕೆಲಸ ಮಾಡೋ ಟೂಲ್ ಒಂದೇ, ಆನೆ ಗ್ರೂಪು. ನಮ್ಮ ಕಡೆಯವರ ಫೋನಲ್ಲೆಲ್ಲ ಇಂಥದ್ದೊಂದು ವಾಟ್ಸ್‌ಆ್ಯಪ್ ಗ್ರೂಪ್ ಇರುತ್ತದೆ. ‘ಒಂಟಿ ಸಲಗ, ಸ್ಕೂಲ್ ಹಿಂದಿನ ತೋಟ, ಕೆರೆ ಕಡೆ ಹೋಗ್ತಿದೆ.’ ಮುಗಿಯಿತು. ನಿನ್ನೆ ಕಳಿಸಿದ ಮೆಸೇಜ್ ನೋಡಿದ್ರಾ ಅಂತ ಇವತ್ತು ಇನ್ನೊಂದು ಮೆಸೇಜ್ ಬರಲ್ಲ. ‘ಒಂದು ಕ್ವಿಕ್ ಕಾಲ್ ಮಾಡೋಣ್ವಾ’ ಅಂತ ಯಾರೂ ಕೇಳಲ್ಲ. ಆನೆ ಹೋದ ಮೇಲೆ ‘ಹೋಯ್ತು’ ಅಂತ ಒಬ್ಬರು ಹಾಕುತ್ತಾರೆ. ಗುಡ್ ಮಾರ್ನಿಂಗ್ ಹೂವು ಹಾಕಿದ ಒಬ್ಬ ಮಾವನನ್ನು ಅಡ್ಮಿನ್ ಅವತ್ತೇ ಹೊರಗೆ ಹಾಕಿದ. ಇಂಥ ಶಿಸ್ತನ್ನು ನಾನು ಯಾವ ಕಂಪನಿಯ ಚಾಟ್ ಗ್ರೂಪ್‌ನಲ್ಲೂ ನೋಡಿಲ್ಲ.

ಈಗ ಅಸಲು ವಿಷಯ. ನನ್ನ ಒಂದು ಕ್ಲೈಂಟ್ ಕಂಪನಿ, ಹೆಸರು ಬೇಡ, ಬಾಕಿ ಇದೆ, ಈ ವರ್ಷದಿಂದ ನನ್ನ ಲ್ಯಾಪ್‌ಟಾಪ್‌ಗೆ ಟೈಮ್ ಟ್ರ್ಯಾಕರ್ ಹಾಕಿಸಿದೆ. ಹತ್ತು ನಿಮಿಷಕ್ಕೊಮ್ಮೆ ಅದು ನನ್ನ ಸ್ಕ್ರೀನಿನ ಫೋಟೊ ಹೊಡೆಯುತ್ತದೆ. ಎಂಥಾ ಕಾಳಜಿ! ನಮ್ಮ ಮದುವೆಯಲ್ಲೂ ನನಗೆ ಇಷ್ಟು ಫೋಟೊ ಹೊಡೆದಿರಲಿಲ್ಲ. ಮೌಸ್ ಅಲ್ಲಾಡದಿದ್ದರೆ ‘ನಿಷ್ಕ್ರಿಯ’ ಅಂತ ಕೆಂಪು ಪಟ್ಟಿ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಅಮ್ಮ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ತಿಂದು, ಇನ್ನೊಂದು ಸಲ ಹಾಕಿಸಿಕೊಂಡು, ಬಂದು ಕೂತೆ. 22 ನಿಮಿಷ ಕೆಂಪು. ಸಂಜೆ ಅಲ್ಲಿಂದ ಮೆಸೇಜ್, ‘ಎವ್ರಿಥಿಂಗ್ ಓಕೆ ಸರ್?’ ಒಂದು ಪದಕ್ಕೆ ಸರಿಯಾದ ಕನ್ನಡ ಸಿಗದೆ ಕಿಟಕಿಯಾಚೆ ನೋಡಿಕೊಂಡು ಕೂತರೂ ಕೆಂಪೇ. ಅದೇ ನನ್ನ ಕೆಲಸ ಅಂತ ಆ ಯಂತ್ರಕ್ಕೆ ಯಾರು ಹೇಳಬೇಕು?

ನನ್ನ ನಿಮಿಷಕ್ಕೆ ಇಷ್ಟು ಲೆಕ್ಕ ಇಡುವವರು ಅವರ ತಿಂಗಳಿಗೆ ಲೆಕ್ಕವೇ ಇಡಲ್ಲ. ಏಪ್ರಿಲ್‌ನ ಬಿಲ್ಲಿನ ದುಡ್ಡು ಇನ್ನೂ ಬಂದಿಲ್ಲ. ಕೇಳಿದರೆ ‘ನೆಕ್ಸ್ಟ್ ಸೈಕಲ್ ಸರ್’, ಅಂದರೆ ಮುಂದಿನ ಸಲ ಬಿಲ್ಲುಗಳಿಗೆ ದುಡ್ಡು ಹಾಕುವಾಗ. ತಮಾಷೆ ಅಂದರೆ, ಟಿಡಿಎಸ್ (ದುಡ್ಡು ಕೊಡುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಮಾತ್ರ ಕಟ್ ಆಗಿದೆ. ತೆರಿಗೆ ಇಲಾಖೆಯ ಸೈಟ್ ತೆಗೆದು ನೋಡಿದರೆ ನನ್ನ ಹೆಸರಲ್ಲಿ ಹತ್ತು ಪರ್ಸೆಂಟ್ ಸರ್ಕಾರಕ್ಕೆ ಹೋಗಿ ತಲುಪಿದೆ. ಉಳಿದ ತೊಂಬತ್ತು ನನಗೆ ತಲುಪಿಲ್ಲ. ನನ್ನ ದುಡಿಮೆ ದೆಹಲಿಗೆ ಗೊತ್ತಾಗಿದೆ, ಸಿದ್ದಾಪುರಕ್ಕೆ ಗೊತ್ತಾಗಿಲ್ಲ.

ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿಕೊಂಡ ನನ್ನಂಥ ಪುಟ್ಟವರಿಗೆ ಜಾಸ್ತಿ ಅಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ದೂರು ಕೊಡೋಕೆ 2017ರಲ್ಲಿ ಒಂದು ಪೋರ್ಟಲ್ಲನ್ನೂ ಮಾಡಿದ್ದಾರೆ. ಅದರ ಹೆಸರು ‘ಸಮಾಧಾನ್’. ಹೆಸರಿಟ್ಟವರು ಹಿಂದಿಯಲ್ಲಿ ಪರಿಹಾರ ಅಂತ ಇಟ್ಟಿದ್ದಾರೆ, ಕನ್ನಡದಲ್ಲಿ ಓದಿದರೆ ಸರಿಯಾಗಿ ಅರ್ಥವಾಗುತ್ತದೆ. ಸಮಾಧಾನ ಮಾಡ್ಕೊಳ್ಳಿ. ನಾನು ಮಾಡಿಕೊಂಡಿದ್ದೇನೆ, ಯಾಕಂದರೆ ದೂರು ಕೊಟ್ಟ ಮರುದಿನ ಆ ಕ್ಲೈಂಟ್ ಇರಲ್ಲ, ಅವರ ಗೆಳೆಯರ ಕಂಪನಿಯೂ ಇರಲ್ಲ.

ಜಗಲಿಯಲ್ಲಿ ಕಾಫಿ ಕುಡಿಯುವ ರೀಲ್ ಮಾಡ್ತೀರಲ್ಲ, ಆ ಕಾಫಿ ಮಾರುವುದನ್ನು ಒಂದು ಸಲ ನೋಡಿ. ಪಕ್ಕದ ತೋಟದ ಅಣ್ಣ ಜೀಪಲ್ಲಿ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಚೀಲ ತುಂಬಿಕೊಂಡು ಹೋಗುತ್ತಾನೆ. ವ್ಯಾಪಾರಿ ತೂಗುತ್ತಾನೆ, ತೇವ ನೋಡುತ್ತಾನೆ, ಓಟಿ (ಸಿಪ್ಪೆ ಹೋದ ಮೇಲೆ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ) ತೆಗೆಯುತ್ತಾನೆ, ರೇಟಿಗೆ ಜಗಳ ಆಡುತ್ತಾನೆ, ದುಡ್ಡು ಎಣಿಸುತ್ತಾನೆ. ಅಣ್ಣ ಕಾಫಿ ಕುಯ್ಯುವಾಗ ಹತ್ತು ನಿಮಿಷಕ್ಕೊಮ್ಮೆ ಹೋಗಿ ಫೋಟೊ ಹೊಡೆದಿರಲ್ಲ. ನನಗೆ ಟೈಮ್ ಮ್ಯಾನೇಜ್‌ಮೆಂಟ್ ಬರಲ್ಲ ಅಂತ ಇನ್ನು ಯಾರಾದರೂ ಹೇಳಿದರೆ ನಿಜವಾಗಿ ಸಿಟ್ಟು ಬರುತ್ತದೆ. ನನ್ನ ಟೈಮ್ ನೆಟ್ಟಗೇ ಇದೆ. ಹಾಳಾಗಿರೋದು ದುಡ್ಡು ಕೇಳಿ ಕೇಳಿ ಬರೆದ ಮೇಲ್‌ಗಳಲ್ಲಿ. ಏಪ್ರಿಲ್‌ನ ಬಿಲ್ಲಿಗೆ ಮಾತ್ರ ಹದಿನಾಲ್ಕು ಬರೆದಿದ್ದೇನೆ. ಎಲ್ಲದರಲ್ಲೂ ‘ತೊಂದರೆಗೆ ಕ್ಷಮಿಸಿ’ ಅಂತ ಬೇರೆ ಹಾಕಿದ್ದೇನೆ. ತೊಂದರೆ ಯಾರಿಗೆ?

ಮೊನ್ನೆ ಇನ್ವರ್ಟರ್ ಬ್ಯಾಟರಿ ಹಾಕಿಕೊಟ್ಟ ಅಂಗಡಿಯವರು ಬಾಕಿ ಕೇಳೋಕೆ ಮನೆಗೇ ಬಂದರು. ಅಭ್ಯಾಸ ಬಲ, ಬಾಯಿಗೆ ಬಂದುಬಿಟ್ಟಿತು. ‘ನೆಕ್ಸ್ಟ್ ಸೈಕಲ್‌ಗೆ ಕೊಡ್ತೇನೆ ಅಣ್ಣ.’

ಅವರು ಅಂಗಳದಲ್ಲೆಲ್ಲ ಒಂದು ಸಲ ಕಣ್ಣಾಡಿಸಿದರು. ‘ಈ ಏರಲ್ಲಿ ಸೈಕಲ್ ಯಾರು ಹೊಡೀತಾರೆ ಮಾರಾಯ?’ ಅಂದರು.