ನೀರು ಎಲ್ಲಿಂದ ಬಂತು ತಮಾ?

ನಮ್ಮ ಕಡೆ ಒಂದು ಮಾತಿದೆ, 'ಅಡ್ಡಿಲ್ಲ'. ಊಟ ಹೇಗಿತ್ತು? ಅಡ್ಡಿಲ್ಲ. ನೋಡಿ ಬಂದ ಹುಡುಗ ಹೇಗೆ? ಅಡ್ಡಿಲ್ಲ. ರಾತ್ರಿ ಆಟದಲ್ಲಿ ಭಾಗವತರು? ಅಡ್ಡಿಲ್ಲ. ಹೇಳುವ ದನಿ ನೋಡಿ ಅರ್ಥ ಮಾಡಿಕೊಳ್ಳಬೇಕು. ಅದು ಹೊಗಳಿಕೆಯೂ ಆಗಬಹುದು, 'ಇನ್ನು ಕೇಳಬೇಡ ಮಾರಾಯಾ' ಅಂತಲೂ ಆಗಬಹುದು.

ಕಾರವಾರದಲ್ಲಿ ಓದುವಾಗ ನಾವು ಐದು ಜನ ಸೇರಿ ಹನ್ನೆರಡು ನಿಮಿಷದ ಒಂದು ಕಿರುಚಿತ್ರ ಮಾಡಿದೆವು. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಬೆಳಚು ತೆಗೆಯುವ ಒಬ್ಬ ಅಜ್ಜಿ, ಕಾಲೇಜಿಗೆ ಹೋಗುವ ಅವಳ ಮೊಮ್ಮಗಳು, ಇಷ್ಟೇ ಕಥೆ. (ಬೆಳಚು ಅಂದರೆ ಚಿಪ್ಪಿಕಲ್ಲು. ತಿಂದು ಗೊತ್ತಿಲ್ಲದವರು ಮೊದಲು ಒಮ್ಮೆ ಸುಕ್ಕಾ ತಿಂದು ಬನ್ನಿ, ಆಮೇಲೆ ಓದಿ.) ಕಾಲೇಜಿನಲ್ಲಿ ಮೊದಲ ಸಲ ತೋರಿಸಿದಾಗ ಸಿಕ್ಕಿದ್ದು ಎರಡನೇ ಜಾತಿಯ ಅಡ್ಡಿಲ್ಲ. ಜೊತೆಗೆ ಒಂದಷ್ಟು 'ಸೂಪರ್ ಮಗಾ'.

ತಪ್ಪು ನಮ್ಮದೇ. 'ಚಿತ್ರ ಹೇಗಿತ್ತು? ಐದಕ್ಕೆ ಎಷ್ಟು ಅಂಕ?' ಅಂತ ಚೀಟಿ ಹಂಚಿದ್ದೆವು. ಹೆಚ್ಚಿನವರು ನಾಲ್ಕು ಕೊಟ್ಟರು. ಆ ನಾಲ್ಕನ್ನು ಇಟ್ಟುಕೊಂಡು ಏನು ಮಾಡುವುದು? ಯಾವ ಶಾಟ್ ಕತ್ತರಿಸಬೇಕು ಅಂತ ಅದು ಹೇಳುತ್ತದಾ? ಮುಂದಿನ ಸಲ ಚೀಟಿ ಬಿಟ್ಟು ಎರಡೇ ಪ್ರಶ್ನೆ ಕೇಳಿದೆವು. ಕಥೆ ಏನಾಯ್ತು, ನೀವೇ ಹೇಳಿ. ಎಲ್ಲಿ ಮೊಬೈಲ್ ತೆಗೆದಿರಿ? ಆಗ ಬಣ್ಣ ಬಯಲಾಯಿತು. ಅರ್ಧದಷ್ಟು ಜನ ಮೊಮ್ಮಗಳನ್ನು ಮನೆಗೆ ಬಂದ ನೆಂಟರ ಹುಡುಗಿ ಅಂದುಕೊಂಡಿದ್ದರು.

ಬಹಳ ಜನ ಅಡುಗೆಮನೆ ಸೀನು ಎಳೆದಂತಾಯ್ತು ಅಂದರು. ನಾವು ಅದನ್ನು ಕತ್ತರಿಸಿ ಕತ್ತರಿಸಿ ಎರಡು ನಿಮಿಷದಿಂದ ಒಂದಕ್ಕೆ ಇಳಿಸಿದೆವು. ಆದರೂ ಎಳೆದಂತೆ ಅನ್ನಿಸಿತಂತೆ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆಗಾಲದಲ್ಲಿ ನೀರು ತೊಟ್ಟಿಕ್ಕುವುದು ಒಂದು ಕಡೆ, ಹೆಂಚು ಒಡೆದಿರುವುದು ಮೇಲೆ ಇನ್ನೆಲ್ಲೋ. ಪಕಾಸಿನ ಮೇಲೆ ಹರಿದು ಬಂದು ಇಲ್ಲಿ ಬೀಳುತ್ತದೆ. ನಮ್ಮ ಒಡೆದ ಹೆಂಚು ಇದ್ದಿದ್ದು ಶುರುವಿನಲ್ಲೇ, ಐವತ್ತು ಸೆಕೆಂಡಿನ ಡ್ರೋನ್ ಶಾಟ್. ಬಾಡಿಗೆ ಕೊಟ್ಟು ತಂದ ಡ್ರೋನ್ ಅಂತ ಪ್ರೀತಿ ಜಾಸ್ತಿ. ಅದನ್ನು ಎಂಟು ಸೆಕೆಂಡಿಗೆ ಇಳಿಸಿ, ಅಜ್ಜಿ ಮೊಮ್ಮಗಳ ಜಡೆ ಹೆಣೆಯುವ ಶಾಟನ್ನು ಮುಂದಕ್ಕೆ ತಂದೆವು. ಹುಡುಗಿ ಯಾರು ಅಂತ ಮೊದಲೇ ತಿಳಿಯಿತು. ಅಡುಗೆಮನೆ ಸೀನಿನ ಬಗ್ಗೆ ಆಮೇಲೆ ಯಾರೂ ದೂರಲಿಲ್ಲ.

ಅದೇ ಸೀನಿನಲ್ಲಿ ಕಣ್ಣು ನೋಯುತ್ತದೆ ಅಂತಲೂ ಒಬ್ಬಳು ಹೇಳಿದ್ದಳು. ಕನ್ನಡಕ ಬದಲಿಸು ಅಂತ ತಮಾಷೆ ಮಾಡಿದ್ದೆವು. ನೋಡಿದರೆ ಟ್ಯೂಬ್‌ಲೈಟಿನ ಬೆಳಕು ಸಣ್ಣಗೆ ಪಟಪಟ ಅನ್ನುತ್ತಿತ್ತು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಟ್ಯೂಬ್‌ಲೈಟ್ ಅದರ ತಾಳಕ್ಕೇ ಮಿನುಗುತ್ತದೆ. ನಾವು ಫೋನಿನಲ್ಲಿ ತೆಗೆದಿದ್ದು ಸೆಕೆಂಡಿಗೆ 30 ಫ್ರೇಮಿನಂತೆ, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಒಳಗೆ ಬಿಡುವ ಹೊತ್ತು) ಕಡೆ ತಲೆಯನ್ನೇ ಹಾಕಿರಲಿಲ್ಲ. 25 ಫ್ರೇಮ್ ಇಟ್ಟು, ಶಟರನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಫೋನಿನ ಪರದೆಯಲ್ಲಿ ಕಾಣದ್ದು ಪ್ರೊಜೆಕ್ಟರಿನಲ್ಲಿ ಎದ್ದು ಕಂಡಿತ್ತು. ಅವಳ ಕನ್ನಡಕ ಸರಿಯಾಗೇ ಇತ್ತು.

ಇಷ್ಟೆಲ್ಲ ಆದ ಮೇಲೆ, ಎಲ್ಲರಿಗಿಂತ ಕೊನೆಗೆ, ಚಿತ್ರೀಕರಣ ಮಾಡಿದ ಊರಿಗೆ ಹೋದೆವು. ಅಜ್ಜಿ ಪಾತ್ರ ಮಾಡಿದ ಅಕ್ಕನ ಮನೆಯ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಮೂವತ್ತು ನಲವತ್ತು ಜನ. ತನ್ನ ಮುಖ ಪಂಚೆಯ ಮೇಲೆ ಬಂದಾಗ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಬೆಳಚು ತೆಗೆಯುವ ಸೀನು ಬಂತು. ನಗು ನಿಂತಿತು.

"ಇದೆಂತದು? ನೀರು ಎಲ್ಲಿಂದ ಬಂತು ತಮಾ?"

ಹೋಗುವ ಶಾಟ್ ಬೆಳಿಗ್ಗೆ ಎಂಟಕ್ಕೆ ತೆಗೆದಿದ್ದು. ಆಗ ಇಳಿತ, ಕೆಸರು ನೆಲ ಪೂರ್ತಿ ತೆರೆದಿತ್ತು. ವಾಪಸ್ ಬರುವ ಶಾಟ್ ಊಟ ಮುಗಿಸಿ ಎರಡು ಗಂಟೆಗೆ. ಅಷ್ಟು ಹೊತ್ತಿಗೆ ಭರತ ಏರಿ ದಂಡೆ ಮುಟ್ಟಿತ್ತು. ಕಥೆಯಲ್ಲಿ ಇವೆರಡರ ನಡುವೆ ಹತ್ತು ನಿಮಿಷವೂ ಇಲ್ಲ. "ಆರು ತಾಸು ನಾನು ಅಲ್ಲಿ ಎಂತ ಮಾಡ್ದೆ? ಮಲಗಿದ್ನಾ?" ಅಂದಳು ಅಕ್ಕ. ಅಂಗಳವೆಲ್ಲ ನಕ್ಕಿತು. ಹಿಂದಿನಿಂದ ಇನ್ನೊಬ್ಬರು, "ಬುಟ್ಟಿನೂ ಖಾಲಿ. ತುಂಬಿದ ಬುಟ್ಟಿ ಹೊತ್ತವ್ರು ಹಾಗೆ ಕೈ ಬೀಸಿ ನಡೀತಾರಾ?" ಅಂದರು.

ಕಾಲೇಜಿನಲ್ಲಿ ಮೂರು ಸಲ ತೋರಿಸಿದ್ದೆವು. ಫ್ರೇಮಿಂಗ್, ಕಲರ್ ಅಂತೆಲ್ಲ ಚರ್ಚೆ ಆಗಿತ್ತು. ಇದು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ನಾವು ಮೊದಲು ಹೋಗಬೇಕಿದ್ದದ್ದು ಈ ಅಂಗಳಕ್ಕೆ. ಎಡಿಟಿಂಗ್ ಅರ್ಧಂಬರ್ಧ ಇದ್ದಾಗಲೇ, ಲ್ಯಾಪ್‌ಟಾಪ್ ಹೊತ್ತುಕೊಂಡು. ಗೆಳೆಯರಿಗೆ ನಮ್ಮ ಮೇಲೆ ಪ್ರೀತಿ. ಇವರಿಗೆ ತಮ್ಮ ಕೆಲಸದ ಮೇಲೆ ಪ್ರೀತಿ. ಯಾರ ಮಾತು ಜಾಸ್ತಿ ಉಪಯೋಗಕ್ಕೆ ಬರುತ್ತದೆ ಹೇಳಿ?

ಹಾಗಂತ ಹೇಳಿದ್ದನ್ನೆಲ್ಲ ಕೇಳಲಿಲ್ಲ. ಕೊನೆಗೆ ಮೊಮ್ಮಗಳು ಅಜ್ಜಿಯ ಕಾಲಿಗೆ ಬಿದ್ದು ಅಳಬೇಕು, ಒಂದು ಸಂದೇಶ ಬೇಕು ಅಂತ ಒಬ್ಬರು ಒಂದೇ ಸಮನೆ ಹೇಳಿದರು. ಸುಮ್ನೆ ತಲೆ ಆಡಿಸಿ ಬಂದೆವು. ಅವರಿಗೆ ಕೊನೆ ಸಪ್ಪೆ ಅನ್ನಿಸಿದ್ದು ನಿಜ ಇರಬಹುದು, ಅದನ್ನು ಬರೆದಿಟ್ಟುಕೊಂಡೆ. ಮದ್ದು ಮಾತ್ರ ನಮಗೆ ಬಿಟ್ಟಿದ್ದು.

ವಾಪಸ್ ಬರುವ ಶಾಟ್ ಮತ್ತೆ ತೆಗೆಯಲೇಬೇಕಿತ್ತು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಅದೇ ಬೆಳಕಿಗೆ ಅದೇ ಇಳಿತ ಬೇಕು ಅಂದರೆ ಹೆಚ್ಚುಕಡಿಮೆ ಹದಿನೈದು ದಿನ ಕಾಯಬೇಕು. ನಾವು ಫೋನಿನಲ್ಲಿ ಲೆಕ್ಕ ಹಾಕುತ್ತಿದ್ದರೆ ಅಕ್ಕ, "ಅಮಾಸೆ ಕಳೆದು ಮೂರು ದಿನ ಬಿಟ್ಟು ಬನ್ನಿ" ಅಂದಳು. ಹೋದೆವು. ಈ ಸಲ ಬುಟ್ಟಿ ತುಂಬ ನಿಜವಾದ ಬೆಳಚು. ಅಕ್ಕನ ನಡಿಗೆಯೇ ಬೇರೆ ಆಯಿತು, ಸೊಂಟ ಒಂದು ಕಡೆ ವಾಲಿತು, ಒಂದು ಕೈ ಬುಟ್ಟಿ ಬಿಡಲಿಲ್ಲ.

ಹೊಸ ಎಡಿಟ್ ನೋಡಿ ಅಕ್ಕ "ಅಡ್ಡಿಲ್ಲ" ಅಂದಳು. ಮೊದಲನೇ ಜಾತಿಯದ್ದು. ಪಕ್ಕದ ಮನೆಯವರನ್ನು ಕರೆದು ಇನ್ನೊಮ್ಮೆ ಹಾಕಿಸಿದಳು.

ನಡುವೆ ಅವಳು ಯಾವುದೋ ಮದುವೆಗೆ ಹೋಗಿ ಬಂದಿದ್ದಳು. ಹೋಗುವ ಶಾಟಿನಲ್ಲಿ ಕೈಯಲ್ಲಿ ಕೆಂಪು ಬಳೆ, ಬರುವ ಶಾಟಿನಲ್ಲಿ ಹಸಿರು. ನನಗೆ ಕಂಡಿದ್ದು ಮೊನ್ನೆ ರಾತ್ರಿ. ಬೇರೆ ಯಾರೂ ಇನ್ನೂ ಹೇಳಿಲ್ಲ.