ಬೋಳುಗುಡ್ಡಕ್ಕೆ ಗಿಡ ಹಚ್ಚಬ್ಯಾಡ್ರಿ

ಮಳೆಗಾಲ ಶುರುವಾಯಿತೆಂದರೆ ನಮ್ಮ ಕೊಪ್ಪಳ ಜಿಲ್ಲೆಯ ಗುಡ್ಡಗಳ ಬುಡಕ್ಕೆ ಜೆಸಿಬಿ ಬಂದು ನಿಲ್ಲುತ್ತದೆ. ಸಾಲು ಸಾಲು ಗುಂಡಿ, ಗುಂಡಿಗೊಂದು ಸಸಿ, ಸಸಿಗೆ ಕೈಯಿಟ್ಟು ಹತ್ತು ಜನ ನಿಂತ ಫೋಟೊ. ಈ ಸಲವೂ ವಾಟ್ಸಾಪ್ ಗ್ರೂಪಿನಲ್ಲಿ ಚಂದಾ ಎತ್ತುತ್ತಿದ್ದಾರೆ. ನಾನು ಕೊಡೋದಿಲ್ಲ ಅಂದೆ. "ಏನ್ರೀ ಮಾಸ್ತರ್ರ, ನೀವೂ ಹಿಂಗಂದ್ರ ಹೆಂಗ?" ಅಂತ ಕೇಳಿದರು. ಅದಕ್ಕೇ ಈ ಉದ್ದನೆಯ ಪೋಸ್ಟು. ಪುರುಸೊತ್ತಿದ್ದವರು ಓದಿ, ಇಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ.

ಊರೊಳಗೆ, ರಸ್ತೆ ಬದಿಗೆ, ಶಾಲೆ ಅಂಗಳದಲ್ಲಿ ಬೇವು ಹಚ್ಚಿ, ಹುಣಸೆ ಹಚ್ಚಿ, ನೀರು ಹೊರಲು ನಾನೂ ಬರುತ್ತೇನೆ. ನನ್ನ ತಕರಾರಿರುವುದು ಗಂಗಾವತಿ, ಕನಕಗಿರಿ, ಕುಷ್ಟಗಿ ಕಡೆಯ ಆ ಬಯಲಿನ ಬಗ್ಗೆ. ಬಂಡೆ, ಹುಲ್ಲು, ಅಲ್ಲೊಂದು ಇಲ್ಲೊಂದು ಕಾರಿ, ತಂಗಡಿ, ಬಂದರಿ ಕಂಟಿ. ಬೇಸಿಗೆಯಲ್ಲಿ ನೋಡಿದವರಿಗೆ ಅದು ಬರಡು. ಸರ್ಕಾರದ ನಕ್ಷೆಯಲ್ಲೂ ಇಂಥ ನೆಲದ ಬಹುಪಾಲು ಬಂಜರು ಲೆಕ್ಕಕ್ಕೆ ಜಮೆ. ಬಂಜರು ಅಂದಮೇಲೆ ಯಾರಿಗೆ ಬೇಕಾದರೂ ಕೊಡಬಹುದಲ್ಲ. ನೆಡುತೋಪಿಗೆ, ಕ್ವಾರಿಗೆ, ಸೋಲಾರಿಗೆ, ಯಲಬುರ್ಗಾ ಕುಕನೂರು ಕಡೆ ಹೋದರೆ ಕಣ್ಣು ಹಾಯುವವರೆಗೂ ತಿರುಗುವ ಗಾಳಿ ವಿದ್ಯುತ್ತಿನ ಫ್ಯಾನುಗಳಿಗೆ.

ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಎಂಬ ಇಬ್ಬರು ವಿಜ್ಞಾನಿಗಳು ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ದೇಶದ ಒಣಸೀಮೆಯ ಬಯಲುಗಳನ್ನೆಲ್ಲ ಹೊಸದಾಗಿ ಗುರುತು ಮಾಡಿದ್ದಾರೆ. ದೇಶದ ನೆಲದಲ್ಲಿ ಹೆಚ್ಚುಕಡಿಮೆ ಶೇ 10 ಇಂಥದ್ದೇ. ಅದರಲ್ಲಿ ಅಭಯಾರಣ್ಯ, ಧಾಮ ಅಂತ ಕಾಯ್ದೆಯ ರಕ್ಷಣೆ ಸಿಕ್ಕಿರುವುದು ಶೇ 5ಕ್ಕಿಂತ ಕಡಿಮೆ ಪಾಲಿಗೆ. ಕಾಡು ಕಡಿದು ಹಾಳಾದ ಜಾಗ ಅಂತ ನಾವು ಇವನ್ನು ತಿಳಿದಿದ್ದೇವೆ. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಹುಲ್ಲು ಮತ್ತು ಕಂಟಿಯೇ ಇಲ್ಲಿನ ಹುಟ್ಟು ಸಂಪತ್ತು, ಸಾವಿರಾರು ವರ್ಷಗಳಿಂದ.

ಆ ಹುಲ್ಲಿನಲ್ಲಿ ಬದುಕಿರುವ ಪ್ರಾಣಿ ತೋಳ. 2021ರಲ್ಲಿ ಬಂದ ವಂಶವಾಹಿ ಅಧ್ಯಯನದ ಪ್ರಕಾರ ನಮ್ಮ ಬಯಲಿನ ಈ ತೋಳ ಪ್ರಪಂಚದ ತೋಳಗಳಲ್ಲೇ ಅತ್ಯಂತ ಹಳೆಯ ಕವಲುಗಳಲ್ಲೊಂದು. ಮಹಾರಾಷ್ಟ್ರದಲ್ಲಿ ಅಧ್ಯಯನ ನಡೆಸಿದವರು ಅದರ ಊಳನ್ನು ರೆಕಾರ್ಡ್ ಮಾಡಿ, ದನಿಯ ಏರಿಳಿತ ಅಳೆದು, ಇದು ಯಾವ ತೋಳ ಅಂತ ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು ಎಂದು ತೋರಿಸಿದ್ದಾರೆ. ಹುಲಿಗಾದರೆ ಮೈಮೇಲೆ ಪಟ್ಟೆಯಿದೆ, ಕ್ಯಾಮೆರಾ ಇಟ್ಟು ಎಣಿಸಬಹುದು. ತೋಳಕ್ಕೆ ಆ ಸೌಲಭ್ಯವಿಲ್ಲ, ಹಾಗಾಗಿ ಕಿವಿಯೇ ಗತಿ. ಅದು ಏನು ತಿಂದಿತೆಂದು ತಿಳಿಯಲು ಹಿಕ್ಕೆ ಆರಿಸಬೇಕು, ಜರಡಿಯಲ್ಲಿ ತೊಳೆಯಬೇಕು, ಉಳಿದ ಕೂದಲನ್ನು ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಡಬೇಕು. ಕುರಿಯ ಕೂದಲಿನ ಒಳತಿರುಳು ಬೇರೆ, ಮೊಲದ್ದು ಬೇರೆ, ಚಿಗರಿಯದು ಬೇರೆ. ದಖ್ಖನ್ ಸೀಮೆಯಲ್ಲಿ ಹಾಗೆ ನೋಡಿದಾಗೆಲ್ಲ ಕುರಿ ಮೇಕೆಯ ಕೂದಲು ಸಿಕ್ಕೇ ಸಿಗುತ್ತದೆ.

ಅಂದರೆ ತೋಳವನ್ನು ಸಾಕುತ್ತಿರುವವರು ನಮ್ಮ ಕುರಿಗಾರರು. ಅರಣ್ಯ ಇಲಾಖೆಯಲ್ಲ, ಪೋಸ್ಟ್ ಬರೆಯುವ ನನ್ನಂಥವರಂತೂ ಅಲ್ಲವೇ ಅಲ್ಲ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳ ಧಾಮ ಮಾಡಿದ್ದಾರೆ. ಒಳ್ಳೆಯದೇ. ಜಾರ್ಖಂಡದ ಮಹುವಾಡಾಂಡ್‌ನಲ್ಲಿ 1976ರಲ್ಲಿ ಆದದ್ದು ಬಿಟ್ಟರೆ ತೋಳಕ್ಕೆಂದೇ ಇಂಥ ಜಾಗ ಇರಲಿಲ್ಲ. ಆದರೆ ಇದರ ವಿಸ್ತೀರ್ಣ ಸುಮಾರು 332 ಹೆಕ್ಟೇರ್, ಮೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಒಂದು ತೋಳದ ಗುಂಪು ತಿರುಗಾಡುವ ಸೀಮೆ ನೂರು ಚದರ ಕಿಲೋಮೀಟರಿಗೂ ಮೀರುತ್ತದೆ. ಮರಿ ಹಾಕಲು, ಹಗಲು ಅಡಗಲು ಬಂಕಾಪುರದ ಬಂಡೆಯ ಸಂದಿ ಸರಿ, ಹೊಟ್ಟೆಪಾಡಿಗೆ ಅದು ಸುತ್ತಲ ಹಳ್ಳಿಗಳ ಅಡವಿಗೇ ಬರಬೇಕು. ಧಾಮದ ಗಡಿಕಲ್ಲಿನ ಆಚೆ ಗೋಮಾಳ ಉಳಿಯದಿದ್ದರೆ ಧಾಮ ಹೆಸರಿಗೆ ಮಾತ್ರ.

ಕನಕಗಿರಿ ಕಡೆಯ ಹಿರಿಯ ಕುರಿಗಾರರೊಬ್ಬರು ನನಗೆ ಪರಿಚಯ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬುತ್ತಾರೆ. ಸುತ್ತ ಬಲೆ ಕಟ್ಟಿ, ಮರಿಗಳನ್ನು ಬೇರೆಯಾಗಿ ಬುಟ್ಟಿಯ ಕೆಳಗೆ ಮುಚ್ಚಿ, ಗಾಳಿ ಬರುವ ದಿಕ್ಕಿಗೆ ನಾಯಿ ಕಟ್ಟಿ, ತಾವು ಕಂಬಳಿ ಹೊದ್ದು ಬಲೆಗೆ ಆತುಕೊಂಡೇ ಮಲಗುತ್ತಾರೆ. ತೋಳದ ಬಗ್ಗೆ ಕೇಳಿದರೆ ಅಂದರು: "ತ್ವಾಳಕ್ಕ ಅದರ ಪಾಲು ಹೋಗೇ ಹೋಗ್ತೈತ್ರಿ ಸರ. ಬೈತೀವಿ, ಕಲ್ಲು ಒಗಿತೀವಿ, ಮತ್ತ ಸುಮ್ಮನಾಗ್ತೀವಿ. ಅಡವಿಗೆ ತಂತಿ ಬೇಲಿ ಬಿತ್ತಂದ್ರ ನಮ್ಮ ಪಾಲು ಎಲ್ಲಿ ಹುಡುಕೋಣು?" ಗುಡ್ಡಕ್ಕೆ ಸಸಿ ಹಚ್ಚಿದ ಮೇಲೆ ಮೊದಲು ಬರುವುದು ಅದೇ ಬೇಲಿ. ಸಸಿಯೋ ಮುಂದಿನ ಏಪ್ರಿಲ್ ಹೊತ್ತಿಗೆ ಒಣಕಡ್ಡಿ. ಬೇಲಿ ಮಾತ್ರ ಗಟ್ಟಿ.

ರಾಣೆಬೆನ್ನೂರಿನ ಕಥೆ ನೋಡಿ. 1974ರಲ್ಲಿ ಕೃಷ್ಣಮೃಗಕ್ಕೆ ಅಂತ ಅಭಯಾರಣ್ಯವಾಯಿತು, ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಅಲ್ಲಿತ್ತು. ಹುಲ್ಲು ಬೆಳೆಯುವ ನೆಲದ ತುಂಬ ನೀಲಗಿರಿ. ಬಯಲಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿ ತೋಪಿನಲ್ಲಿ ಬದುಕುವುದುಂಟೆ? ಈಗ ರಾಜ್ಯದಲ್ಲಿ ಆ ಹಕ್ಕಿಯ ಮಾತು ಬಂದರೆ ಎಲ್ಲರೂ ನಮ್ಮ ಪಕ್ಕದ ಸಿರುಗುಪ್ಪದ ಎರೆಹೊಲದ ಕಡೆ ಬೆರಳು ತೋರಿಸುತ್ತಾರೆ. ಅಲ್ಲೂ ಬೆರಳೆಣಿಕೆ.

2024ರಲ್ಲಿ ಉತ್ತರ ಪ್ರದೇಶದ ಬಹ್ರೈಚ್‌ನಲ್ಲಿ ತೋಳಗಳು ಮಕ್ಕಳನ್ನು ಕೊಂದ ಸುದ್ದಿ ಟಿವಿಯಲ್ಲಿ ಬಂದಾಗ ನಮ್ಮಲ್ಲೂ ಜನ ಹೆದರಿದ್ದರು. ಆ ತಾಯಂದಿರ ಮುಂದೆ ಕೂತು ಪರಿಸರದ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ನಮ್ಮ ತೋಳಕ್ಕೂ ಗಂಡಾಂತರಗಳಿವೆ; ಬಯಲು ಹೋಗುವುದರ ಜೊತೆಗೆ ಇನ್ನೊಂದು ದೊಡ್ಡದು ಬೀದಿನಾಯಿ. ಪುಣೆ ಹತ್ತಿರ ತೋಳ ಮತ್ತು ನಾಯಿ ಕೂಡಿ ಮಿಶ್ರತಳಿ ಹುಟ್ಟಿರುವುದು 2023ರಲ್ಲಿ ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ. ನಾಯಿಯಿಂದ ತೋಳಕ್ಕೆ ಅಂಟುವ ಹುಚ್ಚುನಾಯಿ ರೋಗ, ಡಿಸ್ಟೆಂಪರ್ ಎಂಬ ವೈರಸ್ ರೋಗ ಬೇರೆ. ಈ ನಾಯಿಗಳನ್ನು ಸಾಕುತ್ತಿರುವ ಕೋಳಿ ಅಂಗಡಿಯ ಕಸವನ್ನು ಊರ ಹೊರಗೆ ಸುರಿಯುವುದನ್ನು ನಿಲ್ಲಿಸಿದರೆ ಗುಡ್ಡಕ್ಕೆ ಸಾವಿರ ಸಸಿ ಹಚ್ಚಿದ್ದಕ್ಕಿಂತ ಹೆಚ್ಚು ಉಪಕಾರ. ಫೋಟೊ ಚೆಂದ ಬರಲಿಕ್ಕಿಲ್ಲ, ಅಷ್ಟೇ.

ಚಂದಾ ಎತ್ತಿದ ದುಡ್ಡು ಹೇಗೂ ಇದೆಯಲ್ಲ. ಅದರಲ್ಲಿ ಊರ ನಾಯಿಗಳಿಗೆ ಲಸಿಕೆ ಹಾಕಿಸಿ, ಕುರಿಗಾರರಿಗೆ ಗಟ್ಟಿ ಬಲೆ, ಟಾರ್ಚು ಕೊಡಿಸಿ. ಇನ್ನು ಕುರಿ ಕಳಕೊಂಡವರಿಗೆ ಒಂದು ಮಾತು: ಕಾಡುಪ್ರಾಣಿ ಕೊಂದ ಕುರಿಗೆ ಅರಣ್ಯ ಇಲಾಖೆಯಿಂದ ಪರಿಹಾರವುಂಟು. ಸತ್ತ ಕುರಿಯನ್ನು ಎಳೆದು ಹಾಕುವ ಮುಂಚೆ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ, ಗಾರ್ಡಿಗೆ ಅವತ್ತೇ ಫೋನ್ ಮಾಡಿ, ದನದ ಡಾಕ್ಟರ ಕಡೆಯಿಂದ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಅರ್ಜಿ ಬರೆಯಲು ಬಾರದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ನಾನು ಬರೆದುಕೊಡುತ್ತೇನೆ.